ನಾಲ್ಕು ತಿಂಗಳ ಅತಿಥಿ

ತೀರ ಕಷ್ಟದಲ್ಲಿರುವವನ ಸ್ಥಿತಿಯನ್ನು ಹೇಳಬೇಕಾದಾಗ ನಾವು ಕನ್ನಡಿಗರು ‘ನಾಯಿಪಾಡು’ ಎನ್ನುತ್ತೇವೆ. ನೆಲೆಯಿಲ್ಲದೆ ಅಲೆಯುವುದು, ಕಂಡವರಿಂದ ಹೊಡೆಸಿಕೊಳ್ಳುವುದು, ಹೊತ್ತಿಗೆ ಅನ್ನ ಕಾಣದಿರುವುದು ಎಲ್ಲವೂ ಆ ಒಂದು ಪದದಲ್ಲಿ ಅಡಗಿವೆ. ಪದವನ್ನು ಆಡುವುದು ಸುಲಭ. ಅದರ ಅರ್ಥ ನಮಗೆ ಪೂರ್ತಿಯಾಗಿ ತಿಳಿದುದು 2023ರ ಆಗಸ್ಟ್ ತಿಂಗಳಿನ ಮೊದಲ ವಾರದಲ್ಲಿ, ಒಂದು ಹೆಣ್ಣು ನಾಯಿ ನಮ್ಮ ಮನೆಯ ಹೊಸ್ತಿಲ ಬಳಿ ನಿಂತು ಒಳಗೆ ಕಾಲಿಡಲು ಅಂಜಿದಾಗ.

ವಿದ್ಯಾರ್ಥಿಗಳೇ, ಆ ನಾಯಿಯನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಶಾಲೆ ಬಿಟ್ಟ ಮೇಲೆ ಅದನ್ನು ನೋಡಲೆಂದೇ ನಮ್ಮ ಮನೆಯ ಮೂರು ಮಹಡಿಗಳನ್ನು ಹತ್ತಿ ಬಂದವರು ನೀವು. “ಅದು ಎಲ್ಲಿಂದ ಬಂತು? ಅದನ್ನು ಏಕೆ ಕೊಟ್ಟುಬಿಟ್ಟಿರಿ?” ಎಂದು ನೀವು ಕೇಳಿದ ಎರಡು ಪ್ರಶ್ನೆಗಳಿಗೆ ಅಂದು ಅವಸರದಲ್ಲಿ ಉತ್ತರ ಕೊಟ್ಟೆವು. ಇಲ್ಲಿ ಸಾವಧಾನವಾಗಿ ಹೇಳುವೆವು.

ತಾತ್ಕಾಲಿಕ ಪೋಷಣೆ ಎಂದರೇನು?

ಅನಾಥವಾಗಿ ಸಿಕ್ಕ ಪ್ರಾಣಿಯನ್ನು, ಅದಕ್ಕೆ ಶಾಶ್ವತವಾದ ಮನೆ ದೊರೆಯುವವರೆಗೆ, ಮರಳಿ ಒಪ್ಪಿಸುವ ಮಾತಿನ ಮೇಲೆ ತಮ್ಮ ಮನೆಯಲ್ಲಿಟ್ಟು ಸಾಕುವುದಕ್ಕೆ ತಾತ್ಕಾಲಿಕ ಪೋಷಣೆ ಎನ್ನಬಹುದು. ಶಾಶ್ವತವಾಗಿ ಸಾಕಲು ಮುಂದೆ ಬರುವವರು ಅದನ್ನು ದತ್ತು ತೆಗೆದುಕೊಳ್ಳುವರು. ದತ್ತು ತೆಗೆದುಕೊಳ್ಳುವವರ ಮನೆ ಊರು ಸೇರಿದಂತೆ. ಪೋಷಕರ ಮನೆ ದಾರಿಯ ಅರವಟ್ಟಿಗೆಯಿದ್ದಂತೆ. ಬೇಸಗೆಯಲ್ಲಿ ನಮ್ಮ ಹಳ್ಳಿಗಳ ಹಾದಿಬದಿಯಲ್ಲಿ ಚಪ್ಪರ ಹಾಕಿ, ಮಡಕೆಗಳಲ್ಲಿ ನೀರಿಟ್ಟು, ಬಂದವರಿಗೆ ನೀರು ಮಜ್ಜಿಗೆ ಕೊಡುವ ಪದ್ಧತಿಯನ್ನು ನಿಮ್ಮ ಅಜ್ಜ ಅಜ್ಜಿಯರು ಕಂಡಿರುವರು. ಅರವಟ್ಟಿಗೆಯಲ್ಲಿ ನೀರು ಕೊಟ್ಟವನು ದಾರಿಹೋಕನನ್ನು ಕಟ್ಟಿಹಾಕಿಕೊಳ್ಳುವುದಿಲ್ಲ. ದಣಿವಾರಿಸಿ ಮುಂದಕ್ಕೆ ಕಳುಹಿಸುವನು.

ಮುಂಬಯಿ ನಗರಕ್ಕೆ ಇಂತಹ ಕಾರ್ಯ ಹೊಸದಲ್ಲ. 1832ರಲ್ಲಿ ಬೀದಿನಾಯಿಗಳನ್ನು ಕೊಲ್ಲಿಸುವ ಆಗಿನ ಸರಕಾರದ ಕ್ರಮವನ್ನು ವಿರೋಧಿಸಿ ಪಾರ್ಸಿ ಮೊದಲಾದ ನಾಗರಿಕರು ಅಂಗಡಿಗಳನ್ನು ಮುಚ್ಚಿ ಪ್ರತಿಭಟಿಸಿದರು. ಅದಾದ ಎರಡು ವರ್ಷಕ್ಕೆ, ಅಂದರೆ 1834ರಲ್ಲಿ, ಸರ್ ಜಮ್‌ಶೇಟ್‌ಜಿ ಜೀಜೀಭಾಯಿ ಮೊದಲಾದ ದಾನಿಗಳು ಭುಲೇಶ್ವರದಲ್ಲಿ ಪಾಂಜರಾಪೋಳವನ್ನು ಸ್ಥಾಪಿಸಿದರು. ಮುದಿಯಾದ, ರೋಗಪೀಡಿತವಾದ, ಯಾರಿಗೂ ಬೇಡವಾದ ಪ್ರಾಣಿಗಳಿಗೆ ಅಲ್ಲಿ ಆಶ್ರಯ ದೊರೆಯಿತು. ಇಂದಿನ ನಗರದಲ್ಲಿ ಆಶ್ರಯಧಾಮಗಳು ಬೇಗನೆ ತುಂಬಿಹೋಗುವುವು. ಅನೇಕ ನಾಯಿಗಳ ಬೊಗಳುವಿಕೆಯ ನಡುವೆ ಬೆದರಿದ ನಾಯಿ ಇನ್ನಷ್ಟು ಬೆದರುವುದು. ಒಂದರ ರೋಗ ಮತ್ತೊಂದಕ್ಕೆ ತಗಲುವುದು. ಆದುದರಿಂದಲೇ ಸಾಧಾರಣ ಸಂಸಾರಗಳು ತಮ್ಮ ಮನೆಯ ಒಂದು ಮೂಲೆಯನ್ನು ಕೆಲವು ಕಾಲ ಬಿಟ್ಟುಕೊಡುವ ಪದ್ಧತಿ ಬೆಳೆದಿದೆ.

ಅತಿಥಿಯ ಆಗಮನ

ನಮ್ಮ ಅತಿಥಿ ದೊರೆತುದು ಒಂದು ಉಪನಗರದ ರೈಲು ನಿಲ್ದಾಣದ ಹೊರಗೆ. ಯಾರೋ ಅದನ್ನು ಕಬ್ಬಿಣದ ಕಟಕಟೆಗೆ ನೈಲಾನ್ ಹಗ್ಗದಿಂದ ಬಿಗಿದು ಹೋಗಿದ್ದರು. ಮಳೆ ಸುರಿಯುತ್ತಿತ್ತು. ಪ್ರಾಣಿಸೇವೆ ಮಾಡುವ ಕೆಲವು ತರುಣರು ಅದನ್ನು ಬಿಡಿಸಿ ಪಶುವೈದ್ಯರಲ್ಲಿಗೆ ಒಯ್ದರು. ಕಳೆದುಹೋದ ನಾಯಿಯಾಗಿರಬಹುದೆಂದು ನಿಲ್ದಾಣದಲ್ಲಿಯೂ ಸುತ್ತಲಿನ ಅಂಗಡಿಗಳಲ್ಲಿಯೂ ಅದರ ಭಾವಚಿತ್ರ ಅಂಟಿಸಿ ವಿಚಾರಿಸಿದರು. ಹೀಗೆ ಮೊದಲು ಒಡೆಯನನ್ನು ಹುಡುಕುವುದು ಸರಿಯಾದ ಕ್ರಮ. ಯಾರೂ ಬರಲಿಲ್ಲ. “ಎರಡು ವಾರ ಇಟ್ಟುಕೊಳ್ಳುವಿರಾ?” ಎಂದು ಅವರು ನಮ್ಮನ್ನು ಕೇಳಿದರು. ಒಪ್ಪಿದೆವು. ಆ ಎರಡು ವಾರ ನಾಲ್ಕು ತಿಂಗಳಾಯಿತು.

ಹಲ್ಲುಗಳನ್ನು ನೋಡಿ ವೈದ್ಯರು ಐದಾರು ವರ್ಷದ ಪ್ರಾಯವೆಂದರು. ತೂಕ 19 ಕಿಲೋ. ಆ ಜಾತಿಯ ಹೆಣ್ಣು ನಾಯಿ 25 ಕಿಲೋಗಿಂತ ಹೆಚ್ಚು ತೂಗಬೇಕು. ಕಿವಿಗಳ ಹಿಂದೆ ಕೂದಲು ಗಂಟುಕಟ್ಟಿ ಚರ್ಮ ಹುಣ್ಣಾಗಿತ್ತು. ಬೆರಳ ಸಂದುಗಳಲ್ಲಿ ಉಣ್ಣಿಗಳು ತುಂಬಿದ್ದವು. ನಡೆದು ಸವೆಯದ ಉಗುರುಗಳು ಬಾಗಿ ಬೆಳೆದಿದ್ದವು. ಜೋತುಬಿದ್ದ ಕೆಚ್ಚಲು ಅದು ಮತ್ತೆ ಮತ್ತೆ ಮರಿ ಹಾಕಿದುದನ್ನು ಹೇಳುತ್ತಿತ್ತು. ಇವೆಲ್ಲವನ್ನೂ ಕೂಡಿಸಿ ನೋಡಿ, ಮರಿಗಳ ಮಾರಾಟಕ್ಕಾಗಿ ಪಂಜರದಲ್ಲಿಟ್ಟು ಸಾಕಿ, ಇನ್ನು ಲಾಭವಿಲ್ಲವೆಂದಾಗ ಹೊರಗಟ್ಟಿದ ನಾಯಿಯಿರಬೇಕು ಎಂದು ವೈದ್ಯರು ಊಹಿಸಿದರು.

ಊಹೆಗೆ ಆಧಾರ ಆ ಸಂಜೆಯೇ ಸಿಕ್ಕಿತು. ನಮ್ಮ ಕಟ್ಟಡದಲ್ಲಿ ಲಿಫ್ಟ್ ಇಲ್ಲ. ಮೆಟ್ಟಿಲ ಬುಡಕ್ಕೆ ಬಂದು ನಾಯಿ ನಿಂತಿತು. ಅದಕ್ಕೆ ಮೆಟ್ಟಿಲೆಂದರೇನೆಂದೇ ತಿಳಿಯದು! ಐದಾರು ವರ್ಷ ಬದುಕಿದ ಪ್ರಾಣಿ ಒಂದು ಮೆಟ್ಟಿಲನ್ನೂ ಹತ್ತಿರಲಿಲ್ಲ. ಮೂರು ಮಹಡಿಗಳಷ್ಟು ಎತ್ತಿಕೊಂಡೇ ಹೋದೆವು.

ವಂಶದ ವೃತ್ತಾಂತ

ಆ ನಾಯಿ ಗೋಲ್ಡನ್ ರಿಟ್ರೀವರ್ ಎಂಬ ಜಾತಿಯದು. ಈ ಜಾತಿಯ ತವರು ಸ್ಕಾಟ್ಲೆಂಡಿನ ಬೆಟ್ಟನಾಡಿನಲ್ಲಿರುವ ಗೂಶಗನ್ ಎಂಬ ಜಹಗೀರು. ಅದರ ಒಡೆಯನಾದ ಡಡ್ಲಿ ಮಾರ್ಚ್‌ಬ್ಯಾಂಕ್ಸ್, ಮುಂದೆ ಲಾರ್ಡ್ ಟ್ವೀಡ್‌ಮೌತ್ ಎಂಬ ಪದವಿ ಪಡೆದವನು, 1865ರಲ್ಲಿ ನೌಸ್ ಎಂಬ ಹಳದಿ ಬಣ್ಣದ ಗಂಡು ನಾಯಿಯನ್ನು ಕೊಂಡನು. ಅದಕ್ಕೂ ಬೆಲ್ ಎಂಬ, ನೀರಿನಲ್ಲಿ ಕೆಲಸಮಾಡುವ ಸ್ಪ್ಯಾನಿಯಲ್ ಜಾತಿಯ ಹೆಣ್ಣು ನಾಯಿಗೂ 1868ರಲ್ಲಿ ಹಳದಿ ಮರಿಗಳು ಹುಟ್ಟಿದವು. ಇಂದು ಲೋಕದಲ್ಲೆಲ್ಲ ಹರಡಿರುವ ಈ ಕುಲಕ್ಕೆ ಆ ಮರಿಗಳೇ ಮೂಲ. ಇವು ರಷ್ಯದ ಸರ್ಕಸ್ಸಿನಿಂದ ಬಂದ ನಾಯಿಗಳ ಸಂತತಿಯೆಂಬ ಕಥೆಯೊಂದು ಬಹುಕಾಲ ಪ್ರಚಾರದಲ್ಲಿತ್ತು. ಟ್ವೀಡ್‌ಮೌತನು ಇಟ್ಟಿದ್ದ ವಂಶಾವಳಿಯ ಪುಸ್ತಕದ ವಿವರಗಳು 1952ರಲ್ಲಿ ಪ್ರಕಟವಾದ ಮೇಲೆ ಆ ಕಥೆ ಬಿದ್ದುಹೋಯಿತು. ಬರೆದಿಟ್ಟ ದಾಖಲೆಯ ಬೆಲೆಯನ್ನು ಇದರಿಂದ ತಿಳಿಯಬಹುದು.

ಬೇಟೆಗಾರನ ಗುಂಡಿಗೆ ಸಿಕ್ಕ ಹಕ್ಕಿ ಕೆರೆಯಲ್ಲಿಯೋ ಜೌಗಿನಲ್ಲಿಯೋ ಬಿದ್ದರೆ, ಈಜಿ ಹೋಗಿ, ಹಲ್ಲು ತಾಗದಂತೆ ಬಾಯಲ್ಲಿ ಹಿಡಿದು ತಂದು ಒಡೆಯನ ಕೈಗೆ ಕೊಡುವುದು ಈ ನಾಯಿಗಳ ಕೆಲಸವಾಗಿತ್ತು. ‘ರಿಟ್ರೀವರ್’ ಎಂದರೆ ಮರಳಿ ತಂದುಕೊಡುವುದು ಎಂದರ್ಥ. ಇದಕ್ಕಾಗಿಯೇ ಇವುಗಳ ಬಾಯಿ ಮೃದು, ಸ್ವಭಾವ ಸೌಮ್ಯ, ಮನುಷ್ಯರ ಸಂಗದಲ್ಲಿ ಅತಿ ಪ್ರೀತಿ. ತಣ್ಣೀರನ್ನು ತಡೆಯಲೆಂದು ಇವುಗಳಿಗೆ ಎರಡು ಪದರದ ಕೂದಲುಂಟು: ಮೇಲೆ ಉದ್ದನೆಯ ಕೂದಲು, ಒಳಗೆ ಮೆತ್ತನೆಯ ದಟ್ಟ ತುಪ್ಪಟ. ಚಳಿನಾಡಿನಲ್ಲಿ ವರವಾದ ಈ ಹೊದಿಕೆ ನಮ್ಮ ಕರಾವಳಿಯ ಸೆಕೆಯಲ್ಲಿ ಭಾರವೇ ಸರಿ.

ಇಂತಹ ನಾಯಿ ಬೀದಿಗೆ ಬೀಳುವುದೇಕೆ?

ಹೊನ್ನಿನ ಬಣ್ಣದ ಮರಿಯನ್ನು ಕಂಡರೆ ಯಾರಿಗಾದರೂ ಮುದ್ದು ಬರುವುದು. ಹುಟ್ಟುಹಬ್ಬದ ಉಡುಗೊರೆಯೆಂದು ಅದನ್ನು ಕೊಳ್ಳುವವರುಂಟು. ಒಂದು ವರ್ಷ ಕಳೆಯುವುದರೊಳಗೆ ಅಂಗೈಯಗಲದ ಮರಿ ದೊಡ್ಡ ನಾಯಿಯಾಗುವುದು. ದಿನಕ್ಕೆರಡು ಸಲ ತಿರುಗಾಡಿಸಬೇಕು. ಪ್ರತಿದಿನವೂ ಕೂದಲು ಬಾಚಬೇಕು. ಬಾಚಿದರೂ ಮನೆಯೆಲ್ಲ ಕೂದಲು. ವೈದ್ಯರ ಖರ್ಚು ಬೇರೆ. ಬಾಡಿಗೆಯ ಮನೆ ಬದಲಾಗುವುದು, ಊರು ಬದಲಾಗುವುದು. ಆಗ ‘ಮುದ್ದಿನ ಮರಿ’ ಯಾರಿಗೂ ಬೇಡವಾದ ಹೊರೆಯಾಗುವುದು. ಇದು ಒಂದು ಕಾರಣ.

ಎರಡನೆಯ ಕಾರಣ ಇನ್ನೂ ಕ್ರೂರವಾದುದು. ಮರಿಗಳಿಗೆ ಬೇಡಿಕೆಯಿರುವಷ್ಟು ಕಾಲ ತಾಯಿನಾಯಿಗೆ ಬಿಡುವಿಲ್ಲ. ನಾಯಿಯ ಗರ್ಭಧಾರಣೆಯ ಅವಧಿ ಸುಮಾರು 63 ದಿನ ಮಾತ್ರ. ಆದಕಾರಣ ದುರಾಸೆಯ ಮಾರಾಟಗಾರನು ಅದರಿಂದ ಮೇಲಿಂದ ಮೇಲೆ ಮರಿ ಪಡೆಯಬಲ್ಲನು. ಗಿರಾಕಿಯ ಕಣ್ಣಿಗೆ ಬೀಳುವುದು ಮರಿ. ತಾಯಿ ಹಿಂದಿನ ಪಂಜರದಲ್ಲಿ ಉಳಿಯುವುದು.

ಇದನ್ನು ತಡೆಯಲು ಕಾನೂನು ಇಲ್ಲವೇ? ಇದೆ. ರಾಜ್ಯಸಭೆಯ ಸದಸ್ಯರಾಗಿದ್ದ ನೃತ್ಯವಿದುಷಿ ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆ ಬಂತು. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಕಾರಣವಿಲ್ಲದೆ ತೊರೆದುಬಿಡುವುದು ಆ ಕಾಯಿದೆಯಂತೆ ಅಪರಾಧ. ಆದರೆ ಮೊದಲ ಸಲದ ತಪ್ಪಿಗೆ ಅದು ಗೊತ್ತುಪಡಿಸಿದ ದಂಡ 10ರಿಂದ 50 ರೂಪಾಯಿ. ನಾಯಿಮರಿಗಳ ಉತ್ಪಾದನೆ ಹಾಗೂ ಮಾರಾಟದ ಬಗ್ಗೆ 2017ರಲ್ಲಿ ಬೇರೆ ನಿಯಮಗಳೇ ಬಂದವು. ಮರಿ ಮಾಡಿಸಿ ಮಾರುವವನು ರಾಜ್ಯದ ಪ್ರಾಣಿಕಲ್ಯಾಣ ಮಂಡಲಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಜೀವಿಗಳಲ್ಲಿ ದಯೆ ತೋರುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ನಮ್ಮ ಸಂವಿಧಾನವೂ ಹೇಳುತ್ತದೆ; 1976ರ ತಿದ್ದುಪಡಿಯಿಂದ ಈ ಮಾತು ಅದರಲ್ಲಿ ಸೇರಿತು. ಕಾನೂನಿನ ಕೈ ಮುಟ್ಟದ ಕತ್ತಲೆಯಲ್ಲಿ ಆ ಕರ್ತವ್ಯಬುದ್ಧಿಯೇ ದೀಪವಾಗಬೇಕು.

ಮರುಕಕ್ಕೂ ಅಳತೆ ಬೇಕು

ಮೊದಲ ರಾತ್ರಿ ನಾವು ಮಾಡಿದ ಒಂದು ತಪ್ಪನ್ನು ಮುಚ್ಚಿಡದೆ ಹೇಳುವೆವು. ಎಲುಬೆಣಿಸಬಹುದಾದ ಆ ಮೈಯನ್ನು ಕಂಡು ಕರುಳು ಚುರುಕ್ಕೆಂದಿತು. ವೈದ್ಯರು “ಸ್ವಲ್ಪ ಸ್ವಲ್ಪವೇ ಕೊಡಿ” ಎಂದಿದ್ದರೂ ಲೆಕ್ಕಿಸದೆ, ಅನ್ನಕ್ಕೆ ಮೊಟ್ಟೆ ಕಲಸಿ ದೊಡ್ಡ ತಟ್ಟೆಯ ತುಂಬ ಬಡಿಸಿದೆವು. ಅದು ಕಣ್ಣುಮುಚ್ಚಿ ತೆರೆಯುವುದರೊಳಗೆ ತಿಂದು ಮುಗಿಸಿತು. ಇನ್ನೊಂದು ತಟ್ಟೆ ಬಡಿಸಿದೆವು. ನಡುರಾತ್ರಿ ವಾಂತಿ ಭೇದಿಗಳು ಮೊದಲಾದವು. ಬೆಳಗಿನ ಜಾವ ರಿಕ್ಷಾದಲ್ಲಿ ಅದನ್ನು ಮತ್ತೆ ವೈದ್ಯರ ಬಳಿಗೆ ಒಯ್ಯಬೇಕಾಯಿತು. ಬಹುದಿನ ಹಸಿದ ದೇಹ ಒಮ್ಮೆಗೇ ಹೆಚ್ಚು ಆಹಾರವನ್ನು ತಾಳಲಾರದು, ಜೀವಕ್ಕೇ ಅಪಾಯವಾಗಬಹುದು. ಅಂದಿನಿಂದ ದಿನಕ್ಕೆ ಐದು ಸಲ, ಬಟ್ಟಲಿನಿಂದ ಅಳೆದು, ಮೆತ್ತಗೆ ಬೇಯಿಸಿದ ಅನ್ನ ಮತ್ತು ಕೋಳಿಮಾಂಸ ಕೊಟ್ಟೆವು. ವಾರ ವಾರ ಪ್ರಮಾಣ ಹೆಚ್ಚಿಸಿ ಸಲಗಳನ್ನು ಕಡಮೆ ಮಾಡಿದೆವು. ಪ್ರೀತಿ ನಮ್ಮದಾದರೂ ಹೊಟ್ಟೆ ಅದರದು ಎಂಬ ಪಾಠ ಕಲಿತೆವು.

ನಮ್ಮ ಅಡುಗೆಮನೆಯ ಕೆಲವು ವಸ್ತುಗಳು ನಾಯಿಗೆ ವಿಷವೆಂಬುದನ್ನೂ ಆಗ ತಿಳಿದೆವು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಇವನ್ನು ಎಂದಿಗೂ ಕೊಡತಕ್ಕದ್ದಲ್ಲ. ನೀವು ಒಲವಿನಿಂದ ತಂದ ಚಾಕೊಲೇಟನ್ನು ನಾವು ಬಾಗಿಲಲ್ಲೇ ತಡೆದುದು ಇದಕ್ಕಾಗಿ.

ರಕ್ತಪರೀಕ್ಷೆಯಲ್ಲಿ ಉಣ್ಣಿಗಳಿಂದ ಬರುವ ಜ್ವರ ಕಂಡುಬಂದಿತು. ನಾಲ್ಕು ವಾರ ತಪ್ಪದೆ ಮಾತ್ರೆ ಕೊಟ್ಟೆವು. ಕಿವಿಯ ಸೋಂಕಿಗೆ ದಿನಕ್ಕೆರಡು ಸಲ ಔಷಧ. ಜೋತುಬಿದ್ದ ಕಿವಿಯೊಳಗೆ ಗಾಳಿಯಾಡದೆ ತೇವ ನಿಲ್ಲುವುದರಿಂದ ಈ ಜಾತಿಗೆ ಕಿವಿಯ ಬಾಧೆ ಹೆಚ್ಚು. ಮುಂಬಯಿಯ ಮಳೆಗಾಲದಲ್ಲಿ ಇನ್ನೊಂದು ಭಯವುಂಟು: ಇಲಿಯ ಮೂತ್ರ ಬೆರೆತ ನಿಂತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಎಂಬ ರೋಗ ನಾಯಿಗೂ ಮನುಷ್ಯನಿಗೂ ತಗಲಬಲ್ಲದು. ಆದುದರಿಂದ ತಿರುಗಾಟ ಮುಗಿಸಿ ಬಂದೊಡನೆ ಅದರ ಕಾಲುಗಳನ್ನು ತೊಳೆದು ಒರೆಸುತ್ತಿದ್ದೆವು. ಮೈಗೆ ಶಕ್ತಿ ಬಂದ ಮೇಲೆ ಹುಚ್ಚುನಾಯಿ ರೋಗ ಮೊದಲಾದವುಗಳ ವಿರುದ್ಧ ಲಸಿಕೆ ಹಾಕಿಸಲಾಯಿತು. ಅಕ್ಟೋಬರಿನಲ್ಲಿ, ಇನ್ನು ಮರಿಯಾಗದಂತೆ, ಶಸ್ತ್ರಕ್ರಿಯೆಯಾಯಿತು. ಔಷಧದ ಖರ್ಚನ್ನು ಆ ತರುಣರು ಚಂದಾ ಎತ್ತಿ ನಿರ್ವಹಿಸಿದರು. ಅನ್ನ, ಸ್ಥಳ, ಸಮಯ ಇವು ನಮ್ಮ ಪಾಲಿಗೆ ಬಂದವು. ಮೂರರಲ್ಲಿ ದುಬಾರಿಯಾದುದು ಸಮಯವೇ.

ಕಲಿಸುವುದು, ಕಲಿಯುವುದು

ಬೆದರಿದ ನಾಯಿ ಹೊಸ ಮನೆಯಲ್ಲಿ ಮೂರು ದಿನಕ್ಕೆ ಉಸಿರಾಡುವುದು, ಮೂರು ವಾರಕ್ಕೆ ದಿನಚರಿ ಅರಿಯುವುದು, ಮೂರು ತಿಂಗಳಿಗೆ ಮನೆಯದಾಗುವುದು ಎಂದು ಅನುಭವಸ್ಥರು ಹೇಳುವುದುಂಟು. ಇದು ಕಟ್ಟುನಿಟ್ಟಾದ ಲೆಕ್ಕವಲ್ಲ; ನಮಗೆ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಆಯಿತು. ಮೊದಲ ದಿನಗಳಲ್ಲಿ ಅದು ಊಟದ ಮೇಜಿನ ಕೆಳಗೆ ಗೋಡೆಗೆ ಅಂಟಿ ಮಲಗಿರುತ್ತಿತ್ತು. ನಾವು ಅದನ್ನು ಮುಟ್ಟಲಿಲ್ಲ, ದಿಟ್ಟಿಸಿ ನೋಡಲಿಲ್ಲ, ಬಳಗವನ್ನು ಕರೆದು ತೋರಿಸಲಿಲ್ಲ. ನಮ್ಮ ಕಿರಿಯ ಮಗಳು ಆಗ ಏಳನೆಯ ತರಗತಿ. ಅವಳು ದೂರದಲ್ಲಿ ನೆಲದ ಮೇಲೆ ಕುಳಿತು ತನ್ನ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ನಾಯಿಗೆ ಮನುಷ್ಯರ ಧ್ವನಿ ರೂಢಿಯಾಗಲೆಂಬ ಉದ್ದೇಶವದು. ಒಂಬತ್ತನೆಯ ದಿನ ಅದು ಮೇಜಿನ ಕೆಳಗಿನಿಂದ ಹೊರಬಂದು ಅವಳ ಪುಸ್ತಕವನ್ನು ಮೂಸಿತು. ಅಂದು ಅವಳು ಅದಕ್ಕೆ ‘ಹೊನ್ನಿ’ ಎಂದು ಹೆಸರಿಟ್ಟಳು.

ಮೆಟ್ಟಿಲು ಕಲಿಸಲು ಹನ್ನೆರಡು ದಿನ ಹಿಡಿಯಿತು. ಕೆಳಗಿನ ಕಡೆಯ ಒಂದೇ ಮೆಟ್ಟಿಲಿನಿಂದ ಆರಂಭಿಸಿ, ಹತ್ತಿದಾಗ ಒಂದು ಚೂರು ಕ್ಯಾರೆಟ್ ಕೊಟ್ಟು, ಅಂಜಿದಾಗ ಅಲ್ಲಿಗೇ ನಿಲ್ಲಿಸಿ, ಮರುದಿನ ಮುಂದುವರಿಸುತ್ತಿದ್ದೆವು. ಎಳೆದರೆ ಹಿಂಜರಿಯುತ್ತಿತ್ತು, ಕಾದರೆ ತಾನಾಗಿ ಬರುತ್ತಿತ್ತು. ಗಣಿತದಲ್ಲಿ ಹಿಂದುಳಿದ ಹುಡುಗನಿಗೆ ಪಾಠ ಹೇಳುವಾಗ ಈ ಸಂಗತಿ ನಮಗೆ ಅನೇಕ ಸಲ ನೆನಪಾಗಿದೆ.

ಸೆಪ್ಟೆಂಬರಿನ ಒಂದು ಮುಂಜಾನೆ ನಾವು ಮರೆಯಲಾರದ ಸಂಗತಿಯೊಂದು ನಡೆಯಿತು. ಶಾಲೆಗೆ ಹೊರಟ ಮಗಳಿಗೆ ಒಂದು ಕಾಲುಚೀಲ ಸಿಕ್ಕಲಿಲ್ಲ. ಮನೆಯೆಲ್ಲ ಹುಡುಕಾಡುತ್ತಿದ್ದಳು. ಆಗ ಹೊನ್ನಿ ಎದ್ದು ಬಂದು, ಬಾಯಲ್ಲಿದ್ದುದನ್ನು ಅವಳ ಅಂಗೈಯಲ್ಲಿ ಇಟ್ಟಿತು. ಕಾಲುಚೀಲ ಎಂಜಲಿನಿಂದ ತೊಯ್ದಿತ್ತು. ಒಂದು ನೂಲೂ ಕಿತ್ತಿರಲಿಲ್ಲ. ಯಾರೂ ಕಲಿಸಿದುದಲ್ಲ. ಪಂಜರದಲ್ಲಿ ಕಳೆದ ವರ್ಷಗಳು ಮೆಟ್ಟಿಲ ಮೇಲಣ ಧೈರ್ಯವನ್ನು ಕಸಿದಿದ್ದರೂ, ಗೂಶಗನ್ನಿನ ಆ ಹಳೆಯ ಗುಣವನ್ನು ಕಸಿದಿರಲಿಲ್ಲ.

ದೀಪಾವಳಿಯ ರಾತ್ರಿಗಳು ಕಠಿನವಾಗಿದ್ದವು. ನಾಯಿಯ ಕಿವಿ ನಮ್ಮ ಕಿವಿಗಿಂತ ಬಹಳ ಚುರುಕಾದುದು. ಪಟಾಕಿಯ ಸದ್ದು ಅದಕ್ಕೆ ದುಸ್ಸಹ. ಹೊನ್ನಿ ಬಚ್ಚಲುಮನೆಯ ಮೂಲೆಯಲ್ಲಿ ನಡುಗುತ್ತ ಕುಳಿತಿತ್ತು. ಕಿಟಕಿಗಳನ್ನು ಮುಚ್ಚಿ, ರೇಡಿಯೋ ಹಚ್ಚಿ, ಸರದಿಯ ಮೇಲೆ ನಾವೂ ಅಲ್ಲಿಯೇ ಕುಳಿತೆವು. ನಮ್ಮ ಕಟ್ಟಡದ ಮಕ್ಕಳು ತಾವಾಗಿಯೇ ಪಟಾಕಿಯನ್ನು ದೂರದ ಮೈದಾನಕ್ಕೆ ಒಯ್ದುದನ್ನು ಇಲ್ಲಿ ಕೃತಜ್ಞತೆಯಿಂದ ಹೇಳಬೇಕು.

ಸೆಕೆಯ ವಿಷಯದಲ್ಲಿಯೂ ಎಚ್ಚರ ಬೇಕು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ; ನಾಲಗೆ ಹೊರಚಾಚಿ ಏದುಸಿರು ಬಿಡುತ್ತಲೇ ಅದು ಮೈಯ ಬಿಸಿಯನ್ನು ತಗ್ಗಿಸಿಕೊಳ್ಳಬೇಕು. ಆದುದರಿಂದ ಸೂರ್ಯ ಏರುವ ಮೊದಲು ಮತ್ತು ಮುಳುಗಿದ ಮೇಲೆ ಮಾತ್ರ ತಿರುಗಾಟ. ಸೆಕೆಯೆಂದು ಇದರ ಕೂದಲನ್ನು ಬೋಳಿಸುವವರುಂಟು, ಅದು ತಪ್ಪು. ಆ ಎರಡು ಪದರಗಳೇ ಬಿಸಿಲಿನಿಂದ ಚರ್ಮವನ್ನು ಕಾಯುವುವು. ಬಾಚಿ ಹಗುರಮಾಡಿದರೆ ಸಾಕು.

ಯಾರಿಗೆ ಕೊಡಬೇಕು?

ನವೆಂಬರಿನ ಹೊತ್ತಿಗೆ ಹೊನ್ನಿಯ ತೂಕ 27 ಕಿಲೋ. ಮೈ ಹೊಳೆಯುತ್ತಿತ್ತು. ಕೇಳುವವರು ಬರತೊಡಗಿದರು. ಮೊದಲು ಬಂದ ಗೃಹಸ್ಥರು ಅದರ ಬಣ್ಣವನ್ನು ಬಹಳ ಹೊಗಳಿ, ಮರಿಯಾಗದಂತೆ ಶಸ್ತ್ರಕ್ರಿಯೆಯಾಗಿದೆಯೆಂದು ತಿಳಿದೊಡನೆ ಎದ್ದುಹೋದರು. ಅವರ ಮನಸ್ಸು ಅಷ್ಟರಿಂದಲೇ ತಿಳಿಯಿತು. ಎರಡನೆಯವರು ಒಳ್ಳೆಯ ಜನ. ಆದರೆ ಬೆಳಗಿನಿಂದ ರಾತ್ರಿಯವರೆಗೆ ಮನೆಗೆ ಬೀಗ. ಒಂಟಿತನವನ್ನು ಸಹಿಸದ ಜಾತಿಗೆ ಅದು ಇನ್ನೊಂದು ಪಂಜರವೇ ಆಗುತ್ತಿತ್ತು. ಒಲ್ಲೆವೆಂದು ಹೇಳುವುದು ಕಷ್ಟವಾದರೂ ಹೇಳಬೇಕಾಯಿತು.

ಮೂರನೆಯವರು ಪುಣೆಯ ವೃದ್ಧ ದಂಪತಿಗಳು, ಮರಾಠಿ ಮನೆಮಾತಿನವರು. ನೆಲಮಹಡಿಯ ಮನೆ, ಹಿಂದೆ ಸಣ್ಣ ತೋಟ. ಹದಿಮೂರು ವರ್ಷ ಸಾಕಿದ ಅವರ ನಾಯಿ ಹಿಂದಿನ ವರ್ಷ ತೀರಿಕೊಂಡಿತ್ತು. ಅವರು ಎರಡು ಸಲ ಬಂದು ಹೊನ್ನಿಯೊಡನೆ ಕುಳಿತು ಹೋದರು. ತರುಣರು ಅವರ ಮನೆಯನ್ನು ನೋಡಿ ಬಂದರು. ಮರಿ ಮಾಡಿಸುವುದಿಲ್ಲ, ಯಾರಿಗೂ ಮಾರುವುದಿಲ್ಲ, ಸಾಕಲಾರದ ಸ್ಥಿತಿ ಬಂದರೆ ಬೀದಿಗೆ ಬಿಡದೆ ಮರಳಿ ಒಪ್ಪಿಸುತ್ತೇವೆ ಎಂದು ಅವರು ಬರೆದುಕೊಟ್ಟರು.

ಎಲ್ಲವೂ ಸರಿಯಾಯಿತು, ನಮ್ಮ ಮನೆಯೊಳಗೆ ಮಾತ್ರ ಸರಿಯಾಗಲಿಲ್ಲ. “ಇಷ್ಟು ದಿನ ಸಾಕಿದ್ದು ಕೊಡುವುದಕ್ಕೆಯೇ? ಅವರು ಬಿಟ್ಟುಹೋದರು, ನಾವೂ ಬಿಡುತ್ತೇವೆ. ಹೊನ್ನಿಗೆ ಏನು ವ್ಯತ್ಯಾಸ?” ಎಂದು ಮಗಳು ಕೇಳಿದಳು. ಅವಳು ಎರಡು ದಿನ ನಮ್ಮೊಡನೆ ಸರಿಯಾಗಿ ಮಾತನಾಡಲಿಲ್ಲ. ನಮ್ಮ ಮನಸ್ಸೂ ಅವಳ ಪಕ್ಷವೇ ಆಗಿತ್ತೆಂದು ಒಪ್ಪಿಕೊಳ್ಳುವೆವು. ಕೊನೆಗೆ ಒಂದು ಸಂಜೆ ಅವಳನ್ನು ಕೂರಿಸಿಕೊಂಡು ಲೆಕ್ಕ ಹಾಕಿದೆವು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಆ ನಾಲ್ಕು ತಿಂಗಳು ಸರದಿಯ ಮೇಲೆ ರಜೆ ಹಾಕಿದ್ದೆವು. ರಜೆ ಮುಗಿದಿತ್ತು. ಮೂರು ಮಹಡಿ; ಈ ಜಾತಿಗೆ ಸೊಂಟದ ಕೀಲಿನ ರೋಗ ಹೆಚ್ಚು; ವಯಸ್ಸಾದ ಮೇಲೆ ಅದು ಮೆಟ್ಟಿಲು ಹತ್ತಲಾರದು. ಇನ್ನೊಂದು ಮಾತು: ಹೊನ್ನಿಯನ್ನು ಉಳಿಸಿಕೊಂಡರೆ ನಮ್ಮ ಪುಟ್ಟ ಮನೆಯ ಬಾಗಿಲು ಮುಂದಿನ ನಾಯಿಗೆ ಮುಚ್ಚುವುದು. ಕಟಕಟೆಗೆ ಕಟ್ಟಿಹೋದವರು ತಮ್ಮ ಸುಖಕ್ಕಾಗಿ ಬಿಟ್ಟರು. ನಾವು ಅದರ ಸುಖಕ್ಕಾಗಿ ಬಿಡಬೇಕಾಗಿದೆ ಎಂದೆವು. ಅವಳು ಉತ್ತರ ಕೊಡಲಿಲ್ಲ.

ಡಿಸೆಂಬರ್ ಎರಡನೆಯ ಭಾನುವಾರ ದಂಪತಿಗಳು ಬಂದರು. ಆಗ ಮಗಳು ಒಳಗಿನಿಂದ ಒಂದು ಹಾಳೆ ತಂದು ಆ ತಾಯಿಯ ಕೈಗಿತ್ತಳು. ಹೊನ್ನಿಗೆ ತಿಳಿದಿದ್ದ ಮಾತುಗಳೆಲ್ಲ ಕನ್ನಡದವು. ಹೊಸ ಮನೆಯಲ್ಲಿ ಕನ್ನಡ ಬಲ್ಲವರಿಲ್ಲ. ಅದನ್ನು ಯೋಚಿಸಿ ಅವಳು ಆ ಪದಗಳನ್ನು ದೇವನಾಗರಿಯಲ್ಲಿ ಬರೆದು, ಎದುರಿಗೆ ಮರಾಠಿಯ ಅರ್ಥ ಬರೆದಿದ್ದಳು: ಬಾ, ಕೂರು, ನಿಲ್ಲು, ಸಾಕು, ಊಟ, ಮೆಲ್ಲಗೆ, ಜಾಣೆ. ಆ ತಾಯಿ ಒಂದೊಂದನ್ನೂ ಗಟ್ಟಿಯಾಗಿ ಓದಿದರು. “ಕೂರು” ಎಂಬ ಮಾತಿಗೆ ಹೊನ್ನಿ ಕುಳಿತಿತು. ಹೆಸರಿನ ಅರ್ಥ ಕೇಳಿದರು. ಹೊನ್ನು ಎಂದರೆ ನಿಮ್ಮ ‘ಸೋನೆ’ ಎಂದೆವು. “ಹಾಗಾದರೆ ಹೆಸರು ಬದಲಿಸುವುದಿಲ್ಲ” ಎಂದರು. ಹೊನ್ನಿ ಮೆಟ್ಟಿಲುಗಳನ್ನು ತಾನೇ ಇಳಿದು ಹೋಯಿತು.

ಆತಕೂರಿನ ಕಲ್ಲು

ಕೈ ಬದಲಾದ ನಾಯಿಗೆ ನಿಷ್ಠೆ ಉಳಿಯುವುದೇ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ನಮ್ಮ ನಾಡಿನ ಒಂದು ಕಲ್ಲಿನ ಮೇಲಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ. ಶ. 949-50ರ ಕನ್ನಡ ಶಾಸನ ಅದು. ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಮತ್ತು ಗಂಗ ಬೂತುಗರು ಚೋಳರನ್ನು ತಕ್ಕೋಲದಲ್ಲಿ ಗೆದ್ದ ಕಾಲ. ಪರಾಕ್ರಮ ತೋರಿದ ಮಣಲೇರನಿಗೆ, ಮೆಚ್ಚಿದೆ, ಬೇಕಾದುದನ್ನು ಕೇಳು ಎಂದು ಒಡೆಯನು ಹೇಳಲು, ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಆ ಕಾಳಿ ಹೊಸ ಒಡೆಯನಿಗಾಗಿ ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೇರನು ಆತಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಟ್ಟನು. ನಾಯಿಯೂ ಹಂದಿಯೂ ಸೆಣಸುವ ಚಿತ್ರ ಆ ಕಲ್ಲಿನಲ್ಲಿದೆ. ‘ನಾಯಿಪಾಡು’ ಎಂದ ನಮ್ಮ ನುಡಿಯಲ್ಲಿಯೇ ನಾಯಿಗೆ ಇಂತಹ ಗೌರವವೂ ಸಂದಿದೆ. ನಾಯಿಯ ಪ್ರೀತಿ ಒಂದು ಮನೆಯಲ್ಲಿ ಖರ್ಚಾಗಿ ತೀರುವಂಥದಲ್ಲ. ನಂಬಿಕೆ ಮತ್ತೆ ಹುಟ್ಟಿದೆಡೆಯಲ್ಲಿ ಅದೂ ಮತ್ತೆ ಹುಟ್ಟುವುದು.

ನೀವು ಮಾಡಬೇಕಾದುದು

ಪೆಟ್ಟಾದ ಅಥವಾ ಬೆದರಿದ ನಾಯಿಯನ್ನು ಕಂಡರೆ ನೀವೇ ಮುಟ್ಟಲು ಹೋಗಬೇಡಿರಿ. ನೋವಿನಲ್ಲಿರುವ ಸೌಮ್ಯವಾದ ನಾಯಿಯೂ ಕಚ್ಚಬಹುದು. ದೂರದಲ್ಲಿ ನೀರಿಟ್ಟು, ಹಿರಿಯರಿಗೆ ತಿಳಿಸಿರಿ. ಕಚ್ಚಿದರೆ, ಪರಚಿದರೂ ಸರಿ, ಮನೆಯವರಿಗೆ ಅಂಜಿ ಮುಚ್ಚಿಡಬೇಡಿರಿ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹುಚ್ಚುನಾಯಿ ರೋಗ ಲಕ್ಷಣ ತೋರಿದ ಮೇಲೆ ವಾಸಿಯಾಗುವುದಿಲ್ಲವೆಂದೇ ತಿಳಿಯಿರಿ. ಹೊತ್ತಿಗೆ ಸರಿಯಾಗಿ ಹಾಕಿಸಿದ ಲಸಿಕೆ ಅದನ್ನು ತಡೆಯುವುದು. ಉಡುಗೊರೆಯಾಗಿ ನಾಯಿಮರಿ ಬೇಕೆಂದು ಹಟಮಾಡುವ ಮೊದಲು, ಅದರ ಮುಂದಿನ ಹತ್ತು ಹನ್ನೆರಡು ವರ್ಷಗಳ ಅನ್ನ, ತಿರುಗಾಟ, ಔಷಧಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರೊಡನೆ ಕುಳಿತು ಯೋಚಿಸಿರಿ.

ಹೊನ್ನಿ ಹೋದ ಮೇಲೆ ಬಾಗಿಲ ಹಿಂದಿನ ಕೊಕ್ಕೆಯಲ್ಲಿ ಅದರ ಹಗ್ಗ ತೂಗಲಿಲ್ಲ. ಆ ಖಾಲಿ ಕೊಕ್ಕೆಯನ್ನು ಮಗಳು ನೋಡಿಯೂ ನೋಡದಂತೆ ಓಡಾಡುತ್ತಿದ್ದಳು. 2024ರ ಫೆಬ್ರವರಿಯಲ್ಲಿ ಅದೇ ತರುಣರು ಮತ್ತೆ ಕೇಳಿದರು: ಕಾಲು ಮುರಿದ ಬೀದಿಮರಿ, ಜಾತಿಯಿಲ್ಲ, ಬಣ್ಣ ಕಪ್ಪು. ನಾವು ಬಾಯಿ ತೆರೆಯುವ ಮೊದಲೇ ಅವಳು ಕೊಕ್ಕೆಗೆ ಹೊಸ ಹಗ್ಗ ತೂಗಹಾಕಿ, ಊಟದ ಮೇಜಿನ ಕೆಳಗೆ ಹಳೆಯ ಚಾದರ ಹಾಸಿದಳು.

ಅಭ್ಯಾಸ

1. ತಾತ್ಕಾಲಿಕ ಪೋಷಣೆಗೂ ದತ್ತು ಸ್ವೀಕಾರಕ್ಕೂ ಇರುವ ವ್ಯತ್ಯಾಸವೇನು? ಪೋಷಕರ ಮನೆಯನ್ನು ಅರವಟ್ಟಿಗೆಗೆ ಹೋಲಿಸಿದುದು ಏಕೆ?
2. ಗೋಲ್ಡನ್ ರಿಟ್ರೀವರ್ ಜಾತಿಯ ಉಗಮವನ್ನು ತಿಳಿಸಿ, ಕಾಲುಚೀಲದ ಪ್ರಸಂಗಕ್ಕೂ ಅದಕ್ಕೂ ಇರುವ ಸಂಬಂಧವನ್ನು ವಿವರಿಸಿರಿ.
3. ‘ಮರುಕಕ್ಕೂ ಅಳತೆ ಬೇಕು’ ಎಂಬ ಮಾತನ್ನು ಈ ಪಾಠದ ಆಧಾರದಿಂದಲೂ ನಿಮ್ಮ ಅನುಭವದಿಂದಲೂ ಸಮರ್ಥಿಸಿರಿ.
4. ನಾಯಿ ಕಚ್ಚಿದಾಗ ಕೂಡಲೇ ಮಾಡಬೇಕಾದುದೇನು?
5. “ಅವರು ಬಿಟ್ಟುಹೋದರು, ನಾವೂ ಬಿಡುತ್ತೇವೆ. ಹೊನ್ನಿಗೆ ಏನು ವ್ಯತ್ಯಾಸ?” ಈ ಪ್ರಶ್ನೆಗೆ ನೀವಾಗಿದ್ದರೆ ಏನು ಉತ್ತರ ಕೊಡುತ್ತಿದ್ದಿರಿ? ಹತ್ತು ವಾಕ್ಯಗಳಲ್ಲಿ ಬರೆಯಿರಿ.